ಬೇಸಿಗೆಯ ಕೋಳಿ ಮೇವಿಗೆ ವಿಟಮಿನ್ ಇ, ಸಿ: ಜಗಳೂರು ಸೀಮೆಯಲ್ಲಿ ನನ್ನ ಅನುಭವ

ಮೊದಲ ಬೇಸಿಗೆಯಲ್ಲಿ ನಾನು ವಿಟಮಿನ್ ಸಿ ಪುಡಿಯನ್ನು ಶೆಡ್ಡಿನ ಮೇಲಿನ ಕಪ್ಪು ಟ್ಯಾಂಕಿಗೆ ಸುರಿಯುತ್ತಿದ್ದೆ. ಅದೇ ನೀರಿಗೆ ಬ್ಲೀಚಿಂಗ್ ಪುಡಿಯನ್ನೂ ಹಾಕಿಸುತ್ತಿದ್ದೆನಾದರೂ ಇವೆರಡೂ ಒಂದಕ್ಕೊಂದು ಆಗಿಬರುವುದಿಲ್ಲವೆಂಬುದು ಹೊಳೆದಿರಲಿಲ್ಲ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ತಾಗಿದ ವಿಟಮಿನ್ ಸಿ ನಿರುಪಯುಕ್ತವಾಗುತ್ತದೆ; ಕಾದ ನೀರು ಮತ್ತು ಕೊಳವೆಯ ತುಕ್ಕು ಸಹ ಅದನ್ನು ಬೇಗ ಕೆಡಿಸುತ್ತವೆ. ಒಂದು ತಿಂಗಳ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಜಗಳೂರು ತಾಲ್ಲೂಕಿನ ನಮ್ಮ ಫಾರಂನಲ್ಲಿ ಎರಡು ಸಾವಿರ ಮೊಟ್ಟೆ ಕೋಳಿಗಳಿವೆ. ಮೆಕ್ಕೆಜೋಳ ಸುತ್ತಲಿನ ಹೊಲಗಳಲ್ಲೇ ಸಿಗುವುದರಿಂದ ಮೇವನ್ನು ನಾವೇ ಅರೆದು ಬೆರೆಸುತ್ತೇವೆ. ಅದರಲ್ಲಿ ಏನು ತಪ್ಪಿದರೂ ಹೊಣೆ ನಮ್ಮದೇ. ಕೋಳಿಗೆ ಬೆವರು ಗ್ರಂಥಿಗಳಿಲ್ಲದ ಕಾರಣ ಅದು ಬಾಯಿ ತೆರೆದು ತೇಕುತ್ತಲೇ ಮೈಯ ಕಾವನ್ನು ಹೊರಹಾಕಬೇಕು. ಕಾವು ಮಿತಿ ಮೀರಿದಾಗ ದೇಹದೊಳಗೆ, ತಾಗಿದ್ದನ್ನೆಲ್ಲ ಕೆಡಿಸುವ ಚುರುಕು ಕಣಗಳಾದ ಮುಕ್ತ ರ್‍ಯಾಡಿಕಲ್‌ಗಳು ಹೆಚ್ಚಿ ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ. ಡಬ್ಬಿಯಲ್ಲಿ ಬಹಳ ದಿನ ಇಟ್ಟ ಎಣ್ಣೆ ಕಮಟಾಗುವುದೂ ಇದೇ ಬಗೆಯ ಕ್ರಿಯೆ. ಆ ಪೊರೆಯನ್ನು ವಿಟಮಿನ್ ಇ ಕಾಯುತ್ತದೆ, ಹಾಗೆ ಕಾಪಾಡುತ್ತ ಸವೆದ ವಿಟಮಿನ್ ಇಗೆ ವಿಟಮಿನ್ ಸಿ ಮತ್ತೆ ಶಕ್ತಿ ಕೊಡುತ್ತದೆ. ಮನುಷ್ಯರಂತಲ್ಲದೆ ಕೋಳಿಯು ವಿಟಮಿನ್ ಸಿಯನ್ನು ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ರಣಬಿಸಿಲಿನ ದಿನಗಳಲ್ಲಿ ಆ ತಯಾರಿ ಸಾಲುವುದಿಲ್ಲ.

ಎರಡನೆಯ ವರ್ಷ ಪಶುವೈದ್ಯರ ಸಲಹೆಯಂತೆ ಎಲ್ಲವನ್ನೂ ಮೇವಿಗೇ ಬೆರೆಸಿದೆ. ಕಿಲೋ ಮೇವಿಗೆ 250 ಮಿಲಿಗ್ರಾಂ ವಿಟಮಿನ್ ಇ ಎಂದರೆ, ಅಂಗಡಿಯಲ್ಲಿ ಸಿಗುವ ಶೇ 50ರ ಪುಡಿ ಟನ್ನಿಗೆ ಅರ್ಧ ಕಿಲೋ ಬೇಕು. ವಿಟಮಿನ್ ಸಿ ಟನ್ನಿಗೆ 250 ಗ್ರಾಂ, ಅದೂ ಬೇಗ ಕೆಡದಂತೆ ಲೇಪನ ಮಾಡಿದ್ದು. ಇಷ್ಟು ಸಣ್ಣ ಪ್ರಮಾಣವನ್ನು ನೇರವಾಗಿ ರಾಶಿಗೆ ಎರಚಿದರೆ ಒಂದು ಕೋಳಿಗೆ ಸಿಕ್ಕಿ ಇನ್ನೊಂದಕ್ಕೆ ಸಿಗುವುದಿಲ್ಲವಾದ್ದರಿಂದ, ಮೊದಲು ಎರಡು ಕಿಲೋ ಜೋಳದ ಹಿಟ್ಟಿಗೆ, ಆಮೇಲೆ ಇಪ್ಪತ್ತೈದು ಕಿಲೋಗೆ, ಕೊನೆಗೆ ಪೂರ್ತಿ ರಾಶಿಗೆ ಬೆರೆಸುತ್ತೇನೆ. ವಿಟಮಿನ್ ಇ ಜೊತೆಗೂಡಿ ಕೆಲಸ ಮಾಡುವ ಖನಿಜ ಸೆಲೆನಿಯಂ ನಾವು ಹಾಕುವ ಖನಿಜ ಮಿಶ್ರಣದಲ್ಲೇ ಇರುವುದರಿಂದ ಬೇರೆಯಾಗಿ ಸೇರಿಸಲಿಲ್ಲ, ಕಿಲೋಗೆ 0.3 ಮಿಲಿಗ್ರಾಂ ಸಾಕಾಗುವ ಆ ಪದಾರ್ಥ ಅಳತೆ ತಪ್ಪಿದರೆ ವಿಷವೇ ಸರಿ.

ಇಲ್ಲಿಯೂ ಒಂದು ಪಾಠ ಕಾದಿತ್ತು. ಆಗ ಭದ್ರಾ ನಾಲೆಯ ಭತ್ತ ಬೆಳೆಯುವ ಹರಿಹರದ ಕಡೆಯಿಂದ ಅಕ್ಕಿ ತೌಡನ್ನು ಅಗ್ಗವೆಂದು ಒಂದೇ ಸಲ ತಂದು ತಗಡಿನ ಕೋಣೆಯಲ್ಲಿ ಒಟ್ಟಿದ್ದೆ. ವೈದ್ಯರು ಚೀಲದೊಳಗೆ ಕೈಹಾಕಿ ಮೂಸಿ, "ಮೊದಲು ಇದನ್ನು ಹೊರಗೆ ಹಾಕಿ, ಆಮೇಲೆ ವಿಟಮಿನ್ ಮಾತು" ಎಂದರು. ಎಣ್ಣೆ ತೆಗೆಯದ ತೌಡು ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಕಮಟಾಗುತ್ತದೆ. ಕಮಟಾದ ಕೊಬ್ಬು ಮೇವಿನಲ್ಲಿರುವ ವಿಟಮಿನ್ ಇಯನ್ನು ಕೋಳಿಯ ಹೊಟ್ಟೆಗೆ ಹೋಗುವ ಮೊದಲೇ ತಿಂದುಹಾಕುತ್ತದೆ. ಅಂದಿನಿಂದ ಬೇಸಿಗೆಯಲ್ಲಿ ಎಣ್ಣೆ ತೆಗೆದ ತೌಡನ್ನೇ ತರುತ್ತೇನೆ, ಮೇವನ್ನು ಒಂದು ವಾರಕ್ಕಿಂತ ಹೆಚ್ಚಿಗೆ ಬೆರೆಸಿಡುವುದಿಲ್ಲ.

ಶುರುಮಾಡುವ ಹೊತ್ತೂ ಮುಖ್ಯ. ವಿಟಮಿನ್ ಇ ದೇಹದಲ್ಲಿ ನಿಧಾನವಾಗಿ ಸೇರುವುದರಿಂದ ಫೆಬ್ರವರಿ ಕೊನೆಗೇ ಆರಂಭಿಸುತ್ತೇನೆ. ಏಪ್ರಿಲ್‌ನಲ್ಲಿ ದಿನಕ್ಕೆ 110 ಗ್ರಾಂ ತಿನ್ನುವ ಕೋಳಿ 85 ಗ್ರಾಮಿಗೆ ಇಳಿದರೆ ವಿಟಮಿನ್ನೂ ಸುಮಾರು ಕಾಲು ಭಾಗ ಕಡಿಮೆ ಹೋಗುತ್ತದೆ. ಆದ್ದರಿಂದ ಮೇವನ್ನು ಬೆಳಗಿನ ಐದಕ್ಕೂ ಸಂಜೆ ಆರರ ನಂತರವೂ ಕೊಡುತ್ತೇವೆ. ನಡು ಮಧ್ಯಾಹ್ನ ತಣ್ಣನೆಯ ನೀರು ಮಾತ್ರ.

ಫಲವನ್ನು ಹೇಳುವಾಗ ಎಚ್ಚರ ಬೇಕು. ಆ ವರ್ಷ ಶೆಡ್ಡಿನ ಎರಡು ಸಾಲುಗಳಲ್ಲಿ ಎಡ ಸಾಲಿಗೆ ಮಾತ್ರ ವಿಟಮಿನ್ ಮೇವು ಕೊಟ್ಟಿದ್ದೆ. ಅಲ್ಲಿ ಮೊಟ್ಟೆಯ ಇಳಿಕೆಯೂ ಸಾವೂ ಕಡಿಮೆ ಇದ್ದುವು, ಕೋಳಿಗಳು ಸಂಜೆ ಬೇಗ ಮೇವಿಗೆ ಬಾಯಿಹಾಕುತ್ತಿದ್ದವು. ನಾನು ಹಿಗ್ಗುತ್ತಿರುವಾಗಲೇ ಮನೆಯವಳು, ಎಡ ಸಾಲಿನ ಮೇಲೆ ಮಧ್ಯಾಹ್ನ ಹುಣಸೆ ಮರದ ನೆರಳು ಬೀಳುವುದನ್ನು ತೋರಿಸಿದಳು. ಮರುವರ್ಷ ಸಾಲು ಬದಲಿಸಿ ಬಲಗಡೆಗೆ ಕೊಟ್ಟೆ. ವ್ಯತ್ಯಾಸ ಚಿಕ್ಕದಾಯಿತು, ಆದರೆ ಅಳಿಯಲಿಲ್ಲ. ಅದಾದ ಮೇಲೆ ಎರಡೂ ಸಾಲಿಗೆ ಕೊಡುತ್ತಿದ್ದೇನೆ, ಬಲಗಡೆಯ ತಗಡಿನ ಮೇಲೆ ತೆಂಗಿನ ಗರಿಯನ್ನೂ ಹೊದಿಸಿದ್ದೇನೆ.

ತೆಳು ಚಿಪ್ಪಿನ ತೊಂದರೆ ಮಾತ್ರ ಈ ವಿಟಮಿನ್‌ಗಳಿಂದ ನನ್ನಲ್ಲಿ ಹೆಚ್ಚೇನೂ ತಗ್ಗಲಿಲ್ಲ. ತೇಕುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಚಿಪ್ಪಿಗೆ ಬೇಕಾದ ಬೈಕಾರ್ಬೊನೇಟ್ ರಕ್ತದಲ್ಲಿ ಇಳಿಯುವುದೇ ಅದಕ್ಕೆ ದೊಡ್ಡ ಕಾರಣ. ಅದಕ್ಕೆಂದು ಬೈಕಾರ್ಬೊನೇಟ್ ಇರುವ ಅಡುಗೆ ಸೋಡಾವನ್ನು ಟನ್ನಿಗೆ ಎರಡು ಕಿಲೋ ಹಾಕಿ, ಉಪ್ಪಿನಂತೆ ಅದರಲ್ಲೂ ಸೋಡಿಯಂ ಇರುವುದರಿಂದ ಅಷ್ಟಕ್ಕೆ ತಕ್ಕಂತೆ ಉಪ್ಪನ್ನು ಇಳಿಸಿದೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿಯಾದ್ದರಿಂದ ಸುಣ್ಣಕಲ್ಲಿನ ಹರಳನ್ನು ಸಂಜೆಯ ಮೇವಿನೊಂದಿಗೆ ಕೊಡಲಾರಂಭಿಸಿದೆ. ಟ್ರೇಗಳಲ್ಲಿ ಒಡಕು ಮೊಟ್ಟೆ ಕಡಿಮೆಯಾದದ್ದು ಇದರಿಂದ. ಮುಂಗಾರಿನ ಮಳೆ ಹಿಡಿದ ಮೇಲೆ ಸೋಡಾ ಮತ್ತು ವಿಟಮಿನ್ ಸಿಯನ್ನು ನಿಲ್ಲಿಸುತ್ತೇನೆ, ವಿಟಮಿನ್ ಇಯನ್ನು ತೆರೆದ ಚೀಲ ಮುಗಿಯುವವರೆಗೆ ಹಾಕುತ್ತೇನೆ.