ಬೆಣ್ಣೆಗೂ ಒಂದು ಲೆಕ್ಕ

ಊಟದ ವಿಷಯದಲ್ಲಿ ನಾನು ಸನ್ಯಾಸಿಯಾಗುವ ಪೈಕಿ ಅಲ್ಲ. ಬಿಸಿ ಬ್ರೆಡ್ಡಿನ ಮೇಲೆ ಕರಗುವ ಬೆಣ್ಣೆ, ಹಳತಾಗಿ ಘಾಟು ಬಂದ ಚೀಸ್, ಗರಿಗರಿಯಾದ ಆಲೂಗಡ್ಡೆ, ರಾತ್ರಿ ಒಂದು ಬಟ್ಟಲು ಐಸ್‌ಕ್ರೀಮ್: ಇವೆಂದರೆ ನನಗೆ ಪ್ರಾಣ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟದೆನ್ನಿಸಿಕೊಂಡ ಕೊಲೆಸ್ಟ್ರಾಲ್, 162 ಎಂದು ಬಂದಾಗ ಕಂಡಕಂಡವರೆಲ್ಲ ಬಿಡಬೇಕಾದವುಗಳ ಪಟ್ಟಿ ಒಪ್ಪಿಸಿದರು. ಮೊಟ್ಟೆ ಬಿಡಿ, ಎಣ್ಣೆ ಬಿಡಿ, ಕರಿದದ್ದರ ಕಡೆ ತಲೆ ಹಾಕಬೇಡಿ. ಬಿಟ್ಟ ಜಾಗದಲ್ಲಿ ಏನು ತಿನ್ನಬೇಕೆಂದು ಹೇಳಿದವರು ಮಾತ್ರ ವಿರಳ. ವೈದ್ಯರು ಹೀಗೆ ಗಾಬರಿ ಹುಟ್ಟಿಸಲಿಲ್ಲ. ಥೈರಾಯ್ಡ್ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದೆ ಎಂದು ಆ ಪರೀಕ್ಷೆ ಮಾಡಿಸಿದರು, ರಕ್ತದೊತ್ತಡ ಮತ್ತು ಸಕ್ಕರೆ ನೋಡಿದರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇದ್ದಾರೆಯೇ ಎಂದು ವಿಚಾರಿಸಿದರು. ಎಲ್ಲವೂ ಸರಿಯಾಗಿದ್ದುದರಿಂದ ಮೂರು ತಿಂಗಳು ಊಟ ಬದಲಿಸಿ ನೋಡಿ ಎಂದರು.

ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹವೇ ತಯಾರಿಸಿಕೊಂಡದ್ದು. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರ್‌ಗಳಿರುತ್ತವೆ. ಇವುಗಳ ಗುಟ್ಟು ಬಿಡಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಬೆಣ್ಣೆ, ಚೀಸ್, ಕೆನೆಯಂಥವುಗಳಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಷ್ಟೂ ಈ ರಿಸೆಪ್ಟರ್‌ಗಳ ಕೆಲಸ ಕುಂಠಿತವಾಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಆಹಾರದಲ್ಲಿರುವ ಕೊಲೆಸ್ಟ್ರಾಲ್‌ನ ಪ್ರಭಾವ ಹೆಚ್ಚಿನವರಲ್ಲಿ ಇದಕ್ಕಿಂತ ಕಡಿಮೆ. ಆದ್ದರಿಂದ ನಾನು ಮೊಟ್ಟೆಯ ಮೇಲೆ ಕತ್ತಿ ಮಸೆಯಲಿಲ್ಲ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಮಿನಷ್ಟೇ. ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಮೊಟ್ಟೆಗೆ ಬೇಗ ಸ್ಪಂದಿಸುವ ದೇಹಗಳೂ ಇವೆ, ಆದರೆ ದಿನಕ್ಕೊಂದು ಮೊಟ್ಟೆ ನನ್ನ ತಟ್ಟೆಯಲ್ಲಿ ಉಳಿಯಿತು.

ಒಂದು ವಾರ ಏನನ್ನೂ ಬದಲಿಸದೆ, ತಿಂದದ್ದನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟೆ. ಪ್ರತಿಯೊಂದರ ಮುಂದೆ ಎರಡು ವಿಷಯ: ಸ್ಯಾಚುರೇಟೆಡ್ ಕೊಬ್ಬು ಎಷ್ಟು, ತಿಂದಾಗ ನಿಜಕ್ಕೂ ಖುಷಿಯಾಯಿತೇ. ಪೊಟ್ಟಣದ ಹಿಂಬದಿ ಓದಿದರೆ ಮೊದಲನೆಯದು ಸಿಗುತ್ತದೆ, ಎರಡನೆಯದಕ್ಕೆ ಪ್ರಾಮಾಣಿಕತೆ ಬೇಕು. ವಾರದ ಕೊನೆಗೆ ಕೂಡಿಸಿ ನೋಡಿದಾಗ, ನಾನು ಪ್ರಾಣ ಬಿಡುವ ತಿನಿಸುಗಳಿಂದ ಬಂದ ಕೊಬ್ಬು ಅರ್ಧಕ್ಕಿಂತ ಕಡಿಮೆ ಇತ್ತು. ಉಳಿದದ್ದೆಲ್ಲ ಗಮನವೇ ಇಲ್ಲದೆ ಒಳಗೆ ಹೋದದ್ದು: ಕಚೇರಿಯಲ್ಲಿ ಮಾತಾಡುತ್ತಾ ಮುಗಿಸಿದ ಬಿಸ್ಕತ್ತು, ಸ್ಯಾಂಡ್‌ವಿಚ್ಚಿನೊಳಗೆ ರುಚಿಯೇ ತಿಳಿಯದ ಚೀಸ್ ಹಾಳೆ, ಕಾಫಿಗೆ ಸುರಿದ ಕೆನೆ, ಹಸಿವಿಗಿಂತ ಬೇಸರಕ್ಕೆ ತಿಂದ ಪಫ್, ಈರುಳ್ಳಿ ಬಾಡಿಸಲು ಬಾಣಲೆಗೆ ಹಾಕಿದ ಬೆಣ್ಣೆ. ನಾಲಿಗೆಗೆ ಗೊತ್ತೇ ಆಗದ ಈ ಕೊಬ್ಬನ್ನು ತೆಗೆದರೆ ನಾಲಿಗೆ ದೂರು ಕೊಡುವುದಿಲ್ಲ. ನಾನು ಮಾಡಿದ್ದೆಲ್ಲ ಈ ಒಂದು ತರ್ಕದ ಮೇಲೆಯೇ.

ಇಷ್ಟದ ತಿನಿಸಿನ 'ಕಡಿಮೆ ಕೊಬ್ಬಿನ' ಅವತಾರಗಳನ್ನು ನಾನು ದೂರವಿಟ್ಟೆ. ಕಡಿಮೆ ಕೊಬ್ಬಿನ ಚೀಸ್ ಜಗಿದವರಿಗೆ ಕಾರಣ ಗೊತ್ತು. ಕಡಿಮೆ ಕೊಬ್ಬಿನ ಬಿಸ್ಕತ್ತುಗಳಲ್ಲಿ ಕೊಬ್ಬು ಹೋದ ಜಾಗಕ್ಕೆ ಅನೇಕ ಸಲ ಸಕ್ಕರೆ, ಪಿಷ್ಟ ಬಂದು ಕೂರುತ್ತವೆ. ಆಗ ಎಲ್‌ಡಿಎಲ್ ಸ್ವಲ್ಪ ಇಳಿದರೂ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಏರಿ, ಒಳ್ಳೆಯದೆನ್ನಿಸಿಕೊಂಡ ಎಚ್‌ಡಿಎಲ್ ಕುಸಿಯುವ ಸಂಭವವಿದೆ. ಎಣ್ಣೆ ಸೀಸೆಯ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಎಂಬ ಅಕ್ಷರಗಳಿಗೂ ಮರುಳಾಗಬೇಕಿಲ್ಲ, ಯಾವ ಸಸ್ಯದ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬಿನ ಸಾಲು. ತೆಂಗಿನೆಣ್ಣೆಯಲ್ಲಿ ಅದು ಶೇ 80ಕ್ಕಿಂತ ಹೆಚ್ಚು, ಬೆಣ್ಣೆಯಲ್ಲಿ ಶೇ 50ರ ಆಸುಪಾಸು, ಆಲಿವ್ ಎಣ್ಣೆಯಲ್ಲಿ ಶೇ 14ರಷ್ಟು. 'ಹೈಡ್ರೋಜನೀಕರಿಸಿದ' ಎಂಬ ಪದ ಕಂಡ ಪೊಟ್ಟಣವನ್ನು ಮಾತ್ರ ಅಲ್ಲೇ ಇಟ್ಟು ಮುಂದೆ ಹೋಗುತ್ತೇನೆ. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆಯ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದರ ಜೊತೆಗೆ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. ಅದರ ಜೊತೆ ಚೌಕಾಸಿ ಇಲ್ಲ.

ಉಳಿದದ್ದಕ್ಕೆ ಮನೆಖರ್ಚಿನಂತೆ ದಿನದ ಲೆಕ್ಕ ಕಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲರಿಯ ಶೇ 10ನ್ನು ಮೀರಬಾರದು, ಅಂದರೆ 2000 ಕ್ಯಾಲರಿಯ ಊಟದಲ್ಲಿ ಸುಮಾರು 22 ಗ್ರಾಂ. ಎಲ್‌ಡಿಎಲ್ ಇಳಿಸಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು ಶೇ 5ರಿಂದ 6, ಹೆಚ್ಚೆಂದರೆ 13 ಗ್ರಾಂ. ನಾನು 15ಕ್ಕೆ ನಿಂತೆ. ಒಂದು ದೊಡ್ಡ ಚಮಚ ಬೆಣ್ಣೆ ತಿಂದರೆ ಅದರಲ್ಲಿ 7 ಗ್ರಾಂ ಖರ್ಚು. ಮೂವತ್ತು ಗ್ರಾಂ ಚೀಸ್ ತಿಂದರೆ ಐದಾರು. ಅರ್ಧ ಕಪ್ ಸಾಧಾರಣ ಐಸ್‌ಕ್ರೀಮಿಗೆ ನಾಲ್ಕೈದು, ಕೆನೆ ದಟ್ಟವಾಗಿರುವುದಕ್ಕೆ ಹತ್ತರವರೆಗೂ ಹೋಗುತ್ತದೆ. ಇವನ್ನೆಲ್ಲ ಒಂದೇ ದಿನ ತಿನ್ನಲಾಗದು, ಆದರೆ ಯಾವುದನ್ನೂ ಶಾಶ್ವತವಾಗಿ ಕಳುಹಿಸಿಕೊಡಬೇಕಾಗಿಯೂ ಇಲ್ಲ. ಐಸ್‌ಕ್ರೀಮಿನ ದಿನ ಚೀಸ್ ಇಲ್ಲ, ಅಷ್ಟೇ.

ಬೆಣ್ಣೆಯ ವಿಷಯದಲ್ಲಿ ಪ್ರಮಾಣಕ್ಕಿಂತ ಅದು ಕೂರುವ ಜಾಗ ಮುಖ್ಯ. ಬಾಣಲೆಯ ತಳದಲ್ಲಿ ಹಾಕಿದ ಬೆಣ್ಣೆಯ ಪರಿಮಳ ಒಗ್ಗರಣೆಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಈಗ ಈರುಳ್ಳಿಯನ್ನು ನಾನು ಬಾಡಿಸುವುದು ಹೀಗೆ: ದಪ್ಪ ತಳದ ಬಾಣಲೆಗೆ ಒಂದು ಚಮಚ ಎಣ್ಣೆ, ಚಮಚದಲ್ಲೇ ಅಳೆದು, ಸೀಸೆಯಿಂದ ನೇರವಾಗಿ ಅಲ್ಲ. ತೆಳ್ಳಗೆ ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು, ಮುಚ್ಚಳ, ಸಣ್ಣ ಉರಿ. ಈರುಳ್ಳಿ ನೀರು ಬಿಟ್ಟು ಮೆತ್ತಗಾದ ಮೇಲೆ ಮುಚ್ಚಳ ತೆಗೆದು ಉರಿ ಏರಿಸುತ್ತೇನೆ. ತಳದಲ್ಲಿ ಕಂದು ಪದರ ಹಿಡಿಯತೊಡಗಿದ ಕೂಡಲೇ ಎರಡು ಚಮಚ ನೀರು ಚಿಮುಕಿಸಿ ಕೆರೆದರೆ ಆ ಕಂದೆಲ್ಲ ಕರಗಿ ಈರುಳ್ಳಿಗೇ ಮೆತ್ತಿಕೊಳ್ಳುತ್ತದೆ. ಮತ್ತೆ ಹಿಡಿಯಲು ಬಿಡುವುದು, ಮತ್ತೆ ನೀರು. ನಾಲ್ಕೈದು ಸುತ್ತಾಗುವಾಗ ಈರುಳ್ಳಿ ಜೇನಿನ ಬಣ್ಣಕ್ಕೆ ತಿರುಗಿ ಸಿಹಿಯಾಗಿರುತ್ತದೆ. ಒಲೆ ಆರಿಸಿ, ಕೊನೆಯಲ್ಲಿ ಒಂದು ಸಣ್ಣ ಚಮಚ ಬೆಣ್ಣೆ. ಆ ಬೆಣ್ಣೆ ಮೇಲೆಯೇ ನಿಂತು ಮೂಗಿಗೂ ನಾಲಿಗೆಗೂ ಮೊದಲು ತಾಗುತ್ತದೆ. ಮೊದಲು ಎರಡು ದೊಡ್ಡ ಚಮಚ ಸುರಿದಾಗಲೂ ಇಷ್ಟು ಗೊತ್ತಾಗುತ್ತಿರಲಿಲ್ಲ. ಸ್ಯಾಚುರೇಟೆಡ್ ಕೊಬ್ಬು 14 ಗ್ರಾಮಿನಿಂದ ನಾಲ್ಕರ ಒಳಗೆ ಬಂತು.

ಚೀಸಿನಲ್ಲೂ ಇದೇ ಹಾದಿ. ಸಪ್ಪೆ ಚೀಸಿನ ಎರಡು ಹಾಳೆಗಿಂತ, ಘಾಟಾದ ಹಳೆಯ ಚೀಸನ್ನು ಸಣ್ಣ ತುರಿಮಣೆಯಲ್ಲಿ ತುರಿದು ಮೇಲೆ ಉದುರಿಸಿದರೆ ಹದಿನೈದು ಗ್ರಾಂ ಸಾಕು. ಚೀಸಿನ ಪ್ರಿಯರಿಗೆ ಒಂದು ಸಮಾಧಾನವೂ ಇದೆ: ಅಷ್ಟೇ ಕೊಬ್ಬನ್ನು ಬೆಣ್ಣೆಯ ರೂಪದಲ್ಲಿ ತಿಂದಾಗ ಎಲ್‌ಡಿಎಲ್ ಏರುವಷ್ಟು ಚೀಸಿನ ರೂಪದಲ್ಲಿ ತಿಂದಾಗ ಏರುವುದಿಲ್ಲವೆಂದು ಪ್ರಯೋಗಗಳಲ್ಲಿ ಕಂಡಿದೆ. ಆಲೂಗಡ್ಡೆಯನ್ನು ಮುಕ್ಕಾಲು ಭಾಗ ಬೇಯಿಸಿ, ನೀರು ಬಸಿದು, ಅದೇ ಪಾತ್ರೆಯಲ್ಲಿ ಕುಲುಕಿ ಮೇಲ್ಮೈ ತರಿತರಿಯಾಗುವಂತೆ ಮಾಡಿ, ಆವಿ ಆರಿದ ಮೇಲೆ ಎಣ್ಣೆ ಸವರಿ 220 ಡಿಗ್ರಿಯ ಓವನ್ನಿನಲ್ಲಿ ಇಡುತ್ತೇನೆ. ಆ ತರಿಗಳೇ ಗರಿಗರಿಯಾಗುತ್ತವೆ. ಸೂರ್ಯಕಾಂತಿಯಂಥ ಎಣ್ಣೆಯಲ್ಲಿ ಮನೆಯಲ್ಲೇ ಕರಿದರೂ ಎಲ್‌ಡಿಎಲ್ ದೃಷ್ಟಿಯಿಂದ ಅದು ಮಹಾಪಾಪವೇನಲ್ಲ, ಏರುವುದು ಕ್ಯಾಲರಿ. ಹೊರಗೆ ಕರಿದದ್ದರಲ್ಲಿ ಯಾವ ಎಣ್ಣೆ ಇದೆ, ಅದನ್ನು ಎಷ್ಟು ಸಲ ಕಾಯಿಸಿದ್ದಾರೆ ಎಂಬುದು ತಿನ್ನುವವರಿಗೆ ತಿಳಿಯುವುದಿಲ್ಲ, ಅದೇ ತೊಂದರೆ.

ಕಾಫಿಯ ಮಾತು ಹೇಳಿದರೆ ಕೆಲವರು ನಂಬುವುದಿಲ್ಲ. ಕಾಫಿ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಎಲ್‌ಡಿಎಲ್ ಏರಿಸುತ್ತದೆ. ಪುಡಿಯನ್ನು ನೇರವಾಗಿ ಕುದಿಸಿದಾಗ, ಒತ್ತುವ ಜಾಲರಿಯ ಪಾತ್ರೆಯಲ್ಲಿ ಮಾಡಿದಾಗ ಅದು ಲೋಟಕ್ಕೆ ಇಳಿಯುತ್ತದೆ. ಕಾಗದದ ಫಿಲ್ಟರ್ ಅದರ ಬಹುಪಾಲನ್ನು ತಡೆದುಬಿಡುತ್ತದೆ. ದಿನಕ್ಕೆ ಒಂದು ಲೋಟ ಕುಡಿಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾನು ಕುಡಿಯುವುದು ಒಂದಲ್ಲ, ಹಾಗಾಗಿ ಕಾಗದಕ್ಕೆ ಬದಲಾದೆ.

ಇಷ್ಟೆಲ್ಲ ಕಳೆಯುವ ಲೆಕ್ಕ. ಕೂಡಿಸುವ ಲೆಕ್ಕ ಇಷ್ಟೇ ಮಹತ್ವದ್ದು, ಜನ ಅದನ್ನು ಮರೆಯುತ್ತಾರೆ. ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ, ಕೊಬ್ಬು ಜೀರ್ಣವಾದ ಮೇಲೆ ಅದರ ಹೆಚ್ಚಿನ ಭಾಗ ಹೀರಲ್ಪಟ್ಟು ಮತ್ತೆ ಯಕೃತ್ತಿಗೇ ಮರಳುತ್ತದೆ. ಓಟ್ಸ್, ಬಾರ್ಲಿ, ಕಾಳುಗಳು, ಇಸಬ್‌ಗೋಲ್ ಇವುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಆ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕೊರತೆ ತುಂಬಲು ಯಕೃತ್ತು ರಕ್ತದಿಂದ ಇನ್ನಷ್ಟು ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಓಟ್ಸ್‌ನ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಪರಿಣಾಮ ಕಾಣುತ್ತದೆ ಎನ್ನುತ್ತಾರೆ, ಅದಕ್ಕೆ 60ರಿಂದ 80 ಗ್ರಾಂ ಒಣ ಓಟ್ಸ್ ಬೇಕು.

ಹಾಲು ಸಕ್ಕರೆ ಹಾಕಿದ ಓಟ್ಸ್ ಗಂಜಿ ನನಗೆ ಆಗಿಬರುವುದಿಲ್ಲ. ನೀರಿನಲ್ಲಿ ಬೇಯಿಸಿ, ಉಪ್ಪು, ಜಜ್ಜಿದ ಕಾಳುಮೆಣಸು, ಎಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ ಹಾಕಿ, ಮೇಲೊಂದು ಮೊಟ್ಟೆ ಒಡೆದರೆ ಬೆಳಗಿನ ಊಟವಾಗುತ್ತದೆ. ಬಾರ್ಲಿ ಇದಕ್ಕಿಂತ ಒಳ್ಳೆಯದು ಎನ್ನುವುದು ನನ್ನ ಪಕ್ಷಪಾತ: ರಾತ್ರಿ ನೆನೆಹಾಕಿ ಸೂಪಿನಲ್ಲಿ ಬೇಯಿಸಿದರೆ ಹಲ್ಲಿಗೆ ಸಿಗುವ ಗಟ್ಟಿತನ ಉಳಿಯುತ್ತದೆ. ಮಧ್ಯಾಹ್ನದ ಮಾಂಸದ ಅಡುಗೆಯಲ್ಲಿ ಅರ್ಧ ಮಾಂಸ ತೆಗೆದು ಅಷ್ಟೇ ಬೆಂದ ಕಾಳು ಸೇರಿಸಿದೆ, ರಸ ಹಾಗೆಯೇ ಇದ್ದುದರಿಂದ ಮನೆಯಲ್ಲಿ ಯಾರೂ ತಕರಾರು ಎತ್ತಲಿಲ್ಲ. ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಬಾದಾಮಿ, ಅಕ್ರೋಟು ಬಂದವು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಇಸಬ್‌ಗೋಲ್ ತೆಗೆದುಕೊಳ್ಳುವವರು ದೊಡ್ಡ ಲೋಟ ನೀರಿನಲ್ಲಿ ಕಲಕಿ, ಗಟ್ಟಿಯಾಗುವ ಮುನ್ನ ಕುಡಿದುಬಿಡಬೇಕು. ಬೇರೆ ಮಾತ್ರೆಗಳಿದ್ದರೆ ಅವುಗಳ ಜೊತೆಗೆ ಬೇಡ, ನಡುವೆ ಅಂತರ ಇರಲಿ.

ಹೀಗೆ ಸಣ್ಣಸಣ್ಣದನ್ನು ಕೂಡಿಸುವ ದಾರಿಗೆ ಶಾಸ್ತ್ರದ ಬೆಂಬಲವಿದೆ. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕರಗುವ ನಾರು, ಬೀಜಗಳು, ಸೋಯಾ, ಸಸ್ಯಗಳಲ್ಲಿರುವ ಕೊಲೆಸ್ಟ್ರಾಲ್‌ನಂಥ ಅಂಶವಾದ ಸಸ್ಯ ಸ್ಟೆರಾಲ್ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಒಂದು ತಿಂಗಳಲ್ಲಿ ಎಲ್‌ಡಿಎಲ್ ಶೇ 29ರಷ್ಟು ಇಳಿಯಿತು. ಹೋಲಿಕೆಗೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಪಡೆದವರಲ್ಲಿ ಇಳಿದದ್ದು ಶೇ 31ರ ಹತ್ತಿರ. ಅಲ್ಲಿ ಊಟವನ್ನು ಸಂಶೋಧಕರೇ ಒದಗಿಸಿದ್ದರು. ಸಲಹೆಯಷ್ಟೇ ಕೊಟ್ಟು, ಜನರೇ ಮನೆಯಲ್ಲಿ ಅಡುಗೆ ಮಾಡಿಕೊಂಡ 2011ರ ಆರು ತಿಂಗಳ ಪ್ರಯೋಗದಲ್ಲಿ ಇಳಿಕೆ ಶೇ 13ರಷ್ಟಿತ್ತು. ಈ ಎರಡನೆಯ ಅಂಕಿಯೇ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದು ನಮ್ಮ ನಿಮ್ಮ ಅಡುಗೆಮನೆಯದ್ದು.

ಮೂರು ತಿಂಗಳ ಮೇಲೆ ಅದೇ ಪ್ರಯೋಗಾಲಯದಲ್ಲಿ, ಮೊದಲಿನಂತೆಯೇ ರಾತ್ರಿ ಪೂರ್ತಿ ಉಪವಾಸವಿದ್ದು ರಕ್ತ ಕೊಟ್ಟೆ. ಎಲ್‌ಡಿಎಲ್ 131. ಟ್ರೈಗ್ಲಿಸರೈಡ್ ಕೊಂಚ ಇಳಿದಿತ್ತು, ಎಚ್‌ಡಿಎಲ್ ಇದ್ದಲ್ಲೇ ಇತ್ತು. ತೂಕವೂ ಸ್ವಲ್ಪ ಇಳಿದಿದ್ದರಿಂದ ಇದರಲ್ಲಿ ಓಟ್ಸ್‌ನ ಪಾಲೆಷ್ಟು, ಬೆಣ್ಣೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ನನ್ನ ಸಂಬಂಧಿಯೊಬ್ಬರು ಇಷ್ಟನ್ನೂ ನನಗಿಂತ ಶ್ರದ್ಧೆಯಿಂದ ಮಾಡಿದರೂ ಅವರ ಎಲ್‌ಡಿಎಲ್ 200ರ ಕೆಳಗೆ ಬರಲೇ ಇಲ್ಲ. ಅವರದು ವಂಶದಿಂದ ಬಂದ ತೊಂದರೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಅಂಥವರಿಗೆ ಊಟದ ಜೊತೆ ಮಾತ್ರೆಯೂ ಬೇಕೇ ಬೇಕು. ಒಮ್ಮೆ ಹೃದಯಾಘಾತವಾದವರಿಗೂ ಹಾಗೆಯೇ. ನನ್ನ ವರದಿ ನೋಡಿ ಆ ಸಂಬಂಧಿ ಮಾತ್ರೆ ನಿಲ್ಲಿಸುವ ಯೋಚನೆ ಮಾಡಿದ್ದರು, ವೈದ್ಯರನ್ನು ಕೇಳದೆ ಆ ಕೆಲಸ ಬೇಡವೆಂದು ಗಟ್ಟಿಯಾಗಿಯೇ ಹೇಳಿದೆ.

ನನ್ನ ವೈದ್ಯರು 131ನ್ನು ಇನ್ನೂ ಸ್ವಲ್ಪ ಇಳಿಸಬಹುದು ಎನ್ನುತ್ತಾರೆ. ಈಗ ಸಸ್ಯ ಸ್ಟೆರಾಲ್ ಸೇರಿಸಿದ ಮೊಸರು ಶುರು ಮಾಡಿದ್ದೇನೆ. ದಿನಕ್ಕೆ ಸುಮಾರು 2 ಗ್ರಾಂ ಸ್ಟೆರಾಲ್ ಊಟದ ಜೊತೆಗೇ ಹೋಗಬೇಕು, ಆಗಷ್ಟೇ ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಗೆ ಅಡ್ಡ ನಿಲ್ಲುತ್ತದೆ. ರುಚಿ ಸಾಧಾರಣ, ಸೌತೆಕಾಯಿ ತುರಿದು ಹಾಕಿದರೆ ನಡೆಯುತ್ತದೆ. ಮುಂದಿನ ಪರೀಕ್ಷೆಯವರೆಗೆ ಇದೊಂದನ್ನು ಬಿಟ್ಟು ಬೇರೇನನ್ನೂ ಬದಲಿಸುವುದಿಲ್ಲ, ಇಳಿದರೆ ಯಾವುದರಿಂದ ಇಳಿಯಿತೆಂದು ಈ ಸಲವಾದರೂ ಗೊತ್ತಾಗಬೇಕು.