ಲಿನಕ್ಸ್‌ನಲ್ಲೇ ಕುಳಿತು ವಿಂಡೋಸ್ ಇನ್‌ಸ್ಟಾಲರ್ ಕಟ್ಟುವುದು
ಅಡಿಕೆ ಲೆಕ್ಕಕ್ಕೆಂದು ನಾನು ಬರೆದ ಮುಕ್ತ ತಂತ್ರಾಂಶವನ್ನು ಬಳಸುವ ಬದಿಯಡ್ಕ, ಪೆರ್ಲದ ವ್ಯಾಪಾರಿಗಳಲ್ಲಿರುವುದು ವಿಂಡೋಸ್, ನನ್ನಲ್ಲಿರುವುದು ಲಿನಕ್ಸ್. ಇದಕ್ಕಾಗಿ ಇನ್ನೊಂದು ಕಂಪ್ಯೂಟರ್ ಕೊಳ್ಳಬೇಕಿಲ್ಲ. ಬೇಕಾದ ಪರಿಕರಗಳನ್ನೆಲ್ಲ ಪ್ರತ್ಯೇಕ ಡಬ್ಬಿಯಲ್ಲಿ, ಅಂದರೆ ಕಂಟೇನರಿನಲ್ಲಿ, ಇಟ್ಟು ಓಡಿಸುವ ಪಾಡ್‌ಮನ್ ಸಾಕು, ಡಾಕರ್ ಆದರೂ ಆದೀತು.

ಫೆಡೋರಾ ಲಿನಕ್ಸಿನ ಇಮೇಜಿಗೆ (ಕಂಟೇನರಿನ ಅಚ್ಚು) ವಿಂಡೋಸ್ ಪ್ರೋಗ್ರಾಂ ತಯಾರಿಸುವ ಮಿಂಗ್‌ಡಬ್ಲ್ಯೂ ಕಂಪೈಲರ್, ಕಂಪೈಲ್ ಕೆಲಸವನ್ನು ಜೋಡಿಸಿಕೊಡುವ ಸಿಮೇಕ್, ಇನ್‌ಸ್ಟಾಲರ್ ಕಟ್ಟುವ ಎನ್‌ಎಸ್‌ಐಎಸ್ ಸೇರಿಸಿ. ಇಮೇಜಿನ ಆವೃತ್ತಿ ಸಂಖ್ಯೆಯನ್ನು ಬರೆದೇ ಬರೆಯಿರಿ. ‘ಲೇಟೆಸ್ಟ್’ ಎಂದು ಬಿಡುವುದು ಸೋಮಾರಿತನ. ಮಳೆಗಾಲದಲ್ಲಿ ನಮ್ಮ ಕಡೆಯ ಇಂಟರ್‌ನೆಟ್ಟನ್ನು ನಂಬುವಂತಿಲ್ಲ, ಎಲ್ಲವನ್ನೂ ಮೊದಲೇ ಇಳಿಸಿಕೊಳ್ಳಿ. ಸೋರ್ಸ್ ಕೋಡ್ ಇರುವ ಫೋಲ್ಡರನ್ನು ಕಂಟೇನರಿಗೆ ಜೋಡಿಸಿ ಕಂಪೈಲ್ ಮಾಡಿ.

ನಿಜವಾದ ತಲೆನೋವು ಡಿಎಲ್‌ಎಲ್‌ಗಳದು, ಅಂದರೆ ಪ್ರೋಗ್ರಾಂ ಓಡುವಾಗ ಬೇಕಾಗುವ ಲೈಬ್ರರಿ ಕಡತಗಳದು. ಸಿದ್ಧವಾದ ಇಎಕ್ಸ್‌ಇ ಯಾವುದನ್ನೆಲ್ಲ ಬೇಡುತ್ತದೆ ಎಂಬುದನ್ನು ಆಬ್ಜ್‌ಡಂಪ್ ಎಂಬ ಆಜ್ಞೆ ತೋರಿಸುತ್ತದೆ. ಕರ್ನೆಲ್32 ವಿಂಡೋಸಿನದೇ, ಅದನ್ನು ಬಿಡಿ. ಲಿಬ್‌ಎಸ್‌ಟಿಡಿಸಿ++, ವಿನ್‌ಪಿಥ್ರೆಡ್‌ನಂಥವು ಪಟ್ಟಿಯಲ್ಲಿದ್ದರೆ ಮಿಂಗ್‌ಡಬ್ಲ್ಯೂ ಸಿಸ್‌ರೂಟ್‌ನಿಂದ (ಅದರ ಲೈಬ್ರರಿಗಳಿರುವ ಫೋಲ್ಡರ್) ನಕಲಿಸಿ. ಅವೂ ತಮ್ಮ ನೆಂಟರನ್ನು ಕರೆಯುತ್ತವೆ! ಹೊಸ ಹೆಸರು ಬರುವುದು ನಿಲ್ಲುವವರೆಗೆ ಒಂದೊಂದನ್ನೂ ಹೀಗೆಯೇ ನೋಡಿ.

ಎನ್‌ಎಸ್‌ಐಎಸ್ ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ‘ಯೂನಿಕೋಡ್ ಟ್ರೂ’ ಇರಲಿ, ಇಲ್ಲವಾದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಬಹುದು. ಅನ್‌ಇನ್‌ಸ್ಟಾಲರ್ ಬರೆಯುವ ಸಾಲನ್ನು ಮರೆಯಬೇಡಿ. ಸಿದ್ಧವಾದ ಇನ್‌ಸ್ಟಾಲರನ್ನು, ಲಿನಕ್ಸ್‌ನಲ್ಲೇ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲಿ ಒಮ್ಮೆ ಓಡಿಸಿ, ಬಳಿಕ ನಿಜವಾದ ವಿಂಡೋಸ್‌ನಲ್ಲೂ ಪರೀಕ್ಷಿಸಿ. ಡಿಜಿಟಲ್ ಸಹಿ ಇಲ್ಲದ ಕಡತಕ್ಕೆ ವಿಂಡೋಸಿನ ರಕ್ಷಣಾ ವ್ಯವಸ್ಥೆ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಕೊಡಬಹುದು. ವ್ಯಾಪಾರಿಗಳು ಗಾಬರಿಯಾಗದಂತೆ ಮೊದಲೇ ತಿಳಿಸಿ, ಕಡತ ಬದಲಾಗಿಲ್ಲವೆಂದು ತಾಳೆ ನೋಡಲು ಶಾ-256 ಮೊತ್ತವನ್ನೂ ಜೊತೆಗೆ ಕಳುಹಿಸಿ.