ಊರಿನ ಬಾಣಂತಿಯರ ಅಧ್ಯಯನ ಮಾಡ್ತೀರಾ? ಮೊದಲು ಪಟ್ಟಿ ಸರಿ ಮಾಡ್ಕೊಳ್ಳಿ

ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಸೇವೆ ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಅಂತ ತಿಳಿಯಬೇಕಾ? ಪ್ರಶ್ನೆಪಟ್ಟಿ ಪ್ರಿಂಟ್ ಹಾಕಿಸೋದು ಆಮೇಲೆ. ಮೊದಲು ಆಶಾ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕೂತು, ಕಳೆದ ವರ್ಷ ಬಸಿರಾದ ಎಲ್ಲರ ಪಟ್ಟಿ ಮಾಡಿ.

ಯಾಮಾರುವುದು ಇಲ್ಲೇ ಜಾಸ್ತಿ. ಕುಬಸ (ಸೀಮಂತ) ಮುಗಿಸಿ ಸೊಸೆ ತವರಿಗೆ ಹೋಗಿರುತ್ತಾಳೆ, ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಲ್ಲಿ, ಹೆರಿಗೆ ಇನ್ನೆಲ್ಲೋ. ಗುಳೆ ಹೋದವಳು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್‌ನಲ್ಲಿರುತ್ತಾಳೆ. ಸುಮ್ನೆ ಮನೆಮನೆ ಬಾಗಿಲು ತಟ್ಟಿದರೆ ಇವರು ಯಾರೂ ಸಿಗಲ್ಲ. ಊರಿಗೆ ಬಂದ ಮಗಳು, ಊರು ಬಿಟ್ಟ ಸೊಸೆ, ಗುಳೆ ಹೋದವಳು, ಮೂವರನ್ನೂ ಬೇರೆಬೇರೆ ಬರೆದುಕೊಳ್ಳಿ. ಗುಳೆಯವರು ಜಾತ್ರೆಗೆ ಬಂದಾಗ ಮಾತಾಡಿಸಿ. ಊರಿಂದ ದೂರದ ಸಣ್ಣ ವಸತಿಗಳಾದ ದೊಡ್ಡಿ, ತಾಂಡಾಗಳನ್ನು ಮರೆಯಬೇಡಿ.

"ಆಸ್ಪತ್ರೆ ಹೆಂಗಿತ್ತು?" ಅಂತ ಕೇಳಿದರೆ "ಚಲೋ ಐತ್ರಿ" ಅಂತಾರೆ, ಅಷ್ಟೇ. ಅದರ ಬದಲು ಆ ದಿನದ ಕಥೆ ಕೇಳಿ. ನೋವು ಶುರುವಾದಾಗ ಎಷ್ಟು ಹೊತ್ತಾಗಿತ್ತು, ಹೋಗೋಣ ಅಂದವರು ಯಾರು, 108 ಬಂತಾ, ಎಷ್ಟು ಆಸ್ಪತ್ರೆ ತಿರುಗಿದಿರಿ, ಒಳಗೆ ಹೋದ ಮೇಲೆ ಎಷ್ಟು ಹೊತ್ತು ಕಾಯಿಸಿದರು. ನಿರ್ಧಾರದಲ್ಲಿ, ದಾರಿಯಲ್ಲಿ, ಆಸ್ಪತ್ರೆಯೊಳಗೆ ಅಂತ 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು ಗುರುತಿಸಿದ ಮೂರು ವಿಳಂಬಗಳು ಈ ಕಥೆಯಲ್ಲೇ ಸಿಗುತ್ತವೆ. ದುಡ್ಡಿನ ಮಾತನ್ನೂ ಬಿಡಬೇಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ವಾಪಸ್ ಗಾಡಿ ಎಲ್ಲಾ ಉಚಿತ. ಹಾಗಿದ್ದರೆ ಕೈಯಿಂದ ಹೋದದ್ದು ಯಾವುದಕ್ಕೆ?

ಆಶಾ ಮನೆ ತೋರಿಸಿ ಹೊರಟುಬಿಡಲಿ, ಅವರೆದುರು ಅವರ ಕೆಲಸದ ಬಗ್ಗೆ ಯಾರು ದೂರು ಹೇಳ್ತಾರೆ? ಅತ್ತೆ ಪಕ್ಕದಲ್ಲಿದ್ದರೂ ಅದೇ ಕಥೆ. ಗರ್ಭಪಾತದ ವಿಷಯ ಗುಂಪಿನಲ್ಲಿ ಎತ್ತಲೇಬೇಡಿ.

ಹದಿನೆಂಟು ತುಂಬದ ಬಸಿರಿ ಸಿಕ್ಕರೆ? ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಗೊತ್ತಾದ ಮೇಲೆ ದೂರು ಕೊಡದೆ ಸುಮ್ಮನಿರುವಂತಿಲ್ಲ. ಏನು ಮಾಡಬೇಕು ಅಂತ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕತಾ ಸಮಿತಿಯ ಮುಂದೆ ಮೊದಲೇ ತೀರ್ಮಾನಿಸಿಕೊಳ್ಳಿ. ಯಾವ ಮಾತನ್ನು ಗುಟ್ಟಾಗಿ ಇಡಲು ಆಗಲ್ಲ ಅನ್ನೋದನ್ನು ಒಪ್ಪಿಗೆ ಕೇಳುವಾಗಲೇ ಹೇಳಿ. ಅವಳು ಬಾಯಿಬಿಟ್ಟ ಮೇಲೆ ಹೇಳಿದರೆ ಅದು ಮೋಸ.

ಸಿಕ್ಕಿದ್ದನ್ನು ಊರಿನ ಆರೋಗ್ಯ ಸಮಿತಿ ಸಭೆಯಲ್ಲಿ ಓದಿ ಹೇಳಿ. ಹೆಸರು ತೆಗೆದರೆ ಸಾಲದು. ನಲವತ್ತು ಮನೆಯ ದೊಡ್ಡಿಯಲ್ಲಿ "ಒಬ್ಬ ಬಾಣಂತಿ ತೀರಿಹೋದಳು" ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು. ಅಂಥದ್ದನ್ನು ನಾಲ್ಕೈದು ಊರಿನ ಲೆಕ್ಕದ ಜೊತೆ ಸೇರಿಸಿಯೇ ಹೇಳಿ.